ಅಡಿಕೆ ಅಂಗಳದಲ್ಲಿ ಕೂತು ನೋಡಿದ ಚಂದ್ರಗ್ರಹಣ

ನಮ್ಮ ಕರಾವಳಿಯವರಿಗೂ ಚಂದ್ರಗ್ರಹಣಕ್ಕೂ ಅಷ್ಟಕ್ಕಷ್ಟೆ. ಪಂಚಾಂಗದಲ್ಲಿ ಇರುತ್ತದೆ, ರೇಡಿಯೋದಲ್ಲಿ ಹೇಳುತ್ತಾರೆ, ಘಟ್ಟದ ಮೇಲಿನವರು ನೋಡಿದ್ದಾಗಿ ಪೇಪರಿನಲ್ಲಿ ಬರುತ್ತದೆ. ನಮ್ಮಲ್ಲಿ ಮಾತ್ರ ಮೋಡ.

ಬೇಕಾದರೆ ಲೆಕ್ಕ ಹಾಕಿ ನೋಡಿ. 1997ರ ಸೆಪ್ಟೆಂಬರ್ 16, 2000ದ ಜುಲೈ 16, 2011ರ ಜೂನ್ 15, 2018ರ ಜುಲೈ 27, 2025ರ ಸೆಪ್ಟೆಂಬರ್ 7. ಎಲ್ಲವೂ ಪೂರ್ಣ ಚಂದ್ರಗ್ರಹಣಗಳೇ. ಎಲ್ಲವೂ ಮಳೆಗಾಲದಲ್ಲೇ. 2018ರದ್ದಂತೂ ಈ ಶತಮಾನದಲ್ಲೇ ದೀರ್ಘ, ಪೂರ್ತಿ ಮುಳುಗಿದ ಹೊತ್ತೇ 103 ನಿಮಿಷ. ಆದರೆ ಜುಲೈಯಲ್ಲಿ ಅಂಗಳಕ್ಕಿಳಿದು ಚಂದ್ರನನ್ನು ಹುಡುಕುವವನಿಗೆ ನಮ್ಮಲ್ಲಿ ಸಿಗುವುದು ಕೊಡೆಯ ಮೇಲಿನ ಸದ್ದು ಮಾತ್ರ.

ಹಾಗಾಗಿ ಬೇಸಗೆಯಲ್ಲಿ, ಅದೂ ನಡುರಾತ್ರಿ, ತೆರೆದ ಆಕಾಶದಲ್ಲಿ ಪೂರ್ಣ ಗ್ರಹಣ ಸಿಕ್ಕಿದರೆ ಅದು ನಮಗೆ ಅಪರೂಪದ ಬೆಳೆ. 2004ರ ಮೇ 4, ಮಂಗಳವಾರ ರಾತ್ರಿ ಅಂಥದ್ದೊಂದು ಸಿಕ್ಕಿತು. ವೈಶಾಖ ಹುಣ್ಣಿಮೆ. ಹುಣ್ಣಿಮೆಯ ಚಂದ್ರ ವಿಶಾಖಾ ನಕ್ಷತ್ರದ ಬಳಿ ಬರುವ ತಿಂಗಳೆಂದೇ ವೈಶಾಖಕ್ಕೆ ಆ ಹೆಸರು. ನಮ್ಮ ಲೆಕ್ಕದಲ್ಲಿ ಪಗ್ಗು ತಿಂಗಳು, ಸೆಖೆಯ ತುತ್ತತುದಿ. ಚುನಾವಣೆಯ ಓಟು ಹಾಕಿ ಮುಗಿದಿತ್ತು, ಎಣಿಕೆಗೆ ಇನ್ನೂ ಒಂಬತ್ತು ದಿನ ಇತ್ತು. ಮಾತಿಗೆ ಬೇರೆ ವಿಷಯ ಬೇಕಾಗಿದ್ದ ಸಮಯ.

ಕರೆಂಟು ಕಾಯುವವರ ಕೂಟ

ನಾವು ಐದಾರು ಮಂದಿ ಸೇರಿದ್ದು ವಿಜ್ಞಾನದ ಉತ್ಸಾಹದಿಂದ ಎಂದೇನೂ ಅಲ್ಲ. ಮೇ ತಿಂಗಳು ಎಂದರೆ ತೋಟದವನಿಗೆ ರಾತ್ರಿ ನಿದ್ದೆ ಇಲ್ಲ. ಪಂಪಿಗೆ ತ್ರೀ ಫೇಸ್ ಬರುವುದೇ ರಾತ್ರಿ ಹನ್ನೊಂದರ ಮೇಲೆ. ಬಂದ ಕೂಡಲೇ ಚಾಲು ಮಾಡಬೇಕು, ಎರಡು ಗಂಟೆಗೊಮ್ಮೆ ಸ್ಪ್ರಿಂಕ್ಲರ್ ಲೈನು ಬದಲಿಸಬೇಕು. ಹೇಗೂ ಎಚ್ಚರ ಇರಲೇಬೇಕು. ಒಬ್ಬೊಬ್ಬರೇ ಪಂಪುಶೆಡ್ಡಿನಲ್ಲಿ ತೂಕಡಿಸುವ ಬದಲು ಎಲ್ಲರೂ ಪಕ್ಕದ ತೋಟದ ಭಾವನ ಅಂಗಳದಲ್ಲಿ ಸೇರುವುದೆಂದಾಯಿತು. ಆಟ ನೋಡಿ ಬೆಳಗು ಮಾಡುವವರಿಗೆ ಇದೊಂದು ಕಷ್ಟವೇ?

ಗ್ರಹಣ ನೋಡಲು ಅಡಿಕೆ ಒಣಗಿಸುವ ಅಂಗಳದಷ್ಟು ಒಳ್ಳೆಯ ಜಾಗ ಬೇರೆ ಇಲ್ಲ. ಬಿಸಿಲು ಬೀಳಬೇಕೆಂದು ಸುತ್ತ ಮರ ಕಡಿದಿರುತ್ತೇವೆ, ಹಾಗಾಗಿ ಆಕಾಶವೂ ಪೂರ್ತಿ ಕಾಣುತ್ತದೆ. ಅಂಗಳದ ಮುಕ್ಕಾಲು ಭಾಗದಲ್ಲಿ ಚಾಲಿ ಹರಡಿತ್ತು. ಉಳಿದ ಕಾಲು ಭಾಗದಲ್ಲಿ ಚಾಪೆ ಹಾಸಿ ನಾವು ಹರಡಿಕೊಂಡೆವು. ಹಲಸಿನ ಹಪ್ಪಳ, ಪುನರ್ಪುಳಿ ಶರಬತ್ತು. ತಿನ್ನುವವರು ತಿಂದರು, ತಿನ್ನದವರು ಸುಮ್ಮನೆ ನೋಡಿದರು. ಒತ್ತಾಯ ಎರಡೂ ಕಡೆ ಇರಲಿಲ್ಲ.

ಬಂದವರಲ್ಲಿ ನಿವೃತ್ತರಾಗಿ ತೋಟ ಮಾಡಿಕೊಂಡಿದ್ದ ಮೇಷ್ಟ್ರೊಬ್ಬರು, ನಮ್ಮೆಲ್ಲರ ತೋಟದಲ್ಲಿ ಅಡಿಕೆ ಕೊಯ್ಯುವ ಅಣ್ಣ, ಅವನ ಇಬ್ಬರು ಮಕ್ಕಳು, ಭಾವ, ನಾನು. ಉಪಕರಣ ಎಂದರೆ ಮೇಷ್ಟ್ರ ಹಳೆಯ ಬೈನಾಕ್ಯುಲರು ಒಂದು. ಅದೂ ಬೇಕೆಂದೇನಿಲ್ಲ. ಸೂರ್ಯಗ್ರಹಣಕ್ಕೆ ಕಣ್ಣಿಗೆ ರಕ್ಷಣೆ ಬೇಕೇ ಬೇಕು. ಚಂದ್ರಗ್ರಹಣಕ್ಕೆ ಏನೂ ಬೇಡ. ಹುಣ್ಣಿಮೆಯ ಚಂದ್ರನನ್ನು ನೋಡುವ ಕಣ್ಣು ಸಾಕು, ಗ್ರಹಣದ ಚಂದ್ರ ಅದಕ್ಕಿಂತಲೂ ಮಬ್ಬು.

ಒಳಕೋಣೆಯ ಪ್ರಶ್ನೆ

ಒಂದು ವಿಷಯ ಮಾತ್ರ ಮಧ್ಯಾಹ್ನದಿಂದಲೇ ಆ ಮನೆಯಲ್ಲಿ ಕುದಿಯುತ್ತಿತ್ತು. ಭಾವನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಏಳನೇ ತಿಂಗಳು. ಗ್ರಹಣದ ಹೊತ್ತಿಗೆ ಬಸುರಿ ಹೊರಗೆ ಬರಬಾರದು, ಕತ್ತರಿ ಮುಟ್ಟಬಾರದು, ಮಗ್ಗುಲು ಬದಲಿಸದೆ ಮಲಗಬೇಕು, ಇಲ್ಲದಿದ್ದರೆ ಮಗುವಿನ ತುಟಿ ಸೀಳುತ್ತದೆ – ಇದು ನಮ್ಮ ಮನೆಗಳಲ್ಲಿ ಹೊಸ ಮಾತಲ್ಲ.

ಬರೀ ಹೊರಗೆ ಬಾರದಿರುವುದಾದರೆ ಒಂದು ರಾತ್ರಿಯ ಮಾತು, ಹೋಗಲಿ ಎನ್ನಬಹುದು. ಸಮಸ್ಯೆ ಉಪವಾಸದ್ದು. ಚಂದ್ರಗ್ರಹಣಕ್ಕೆ ಮೂರು ಯಾಮ ಮೊದಲೇ ಊಟ ನಿಲ್ಲಿಸಬೇಕೆಂಬ ಕ್ರಮ. ಯಾಮ ಎಂದರೆ ಮೂರು ಗಂಟೆ, ಒಟ್ಟು ಒಂಬತ್ತು ಗಂಟೆ. ಗ್ರಹಣ ಹಿಡಿಯುವುದು ರಾತ್ರಿ 12.18ಕ್ಕೆ, ಅಂದರೆ ಮಧ್ಯಾಹ್ನ ಮೂರೂಕಾಲಿಗೆ ಅನ್ನ ನೀರು ಬಂದ್. ಬಿಡುವುದು ನಸುಕಿನ 3.42ಕ್ಕೆ. ಕೂಡಿಸಿ ನೋಡಿ, ಹನ್ನೆರಡೂವರೆ ಗಂಟೆ. ಮೇ ತಿಂಗಳ ಸೆಖೆಯಲ್ಲಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ, ಏಳು ತಿಂಗಳ ಬಸುರಿ ಒಂದು ಲೋಟ ನೀರಿಲ್ಲದೆ. ಕರು ಹಾಕಲಿರುವ ಹಸುವನ್ನು ನಾವ್ಯಾರೂ ಹಾಗೆ ಕಟ್ಟಿ ಹಾಕುವುದಿಲ್ಲ.

ಮನೆಯ ಹಿರಿಯರು ಭಾವನ ತಾಯಿ, ನಮಗೆಲ್ಲ ದೊಡ್ಡಮ್ಮ. ಎಪ್ಪತ್ತು ದಾಟಿದ ಜೀವ. ಅವರಿಗೆ ಎದುರು ಮಾತಾಡುವ ಧೈರ್ಯ ಭಾವನಿಗೂ ಇಲ್ಲ. ಮೇಷ್ಟ್ರು ವಾದಕ್ಕೆ ಹೋಗಲಿಲ್ಲ. ಹುಡುಗಿಯನ್ನು ತೋರಿಸುತ್ತಿದ್ದ ಡಾಕ್ಟರಿಗೆ ಸಂಜೆ ಫೋನು ಹಚ್ಚಿ, ಒಂದೇ ಪ್ರಶ್ನೆ ಕೇಳಿ, ಉತ್ತರವನ್ನು ದೊಡ್ಡಮ್ಮನಿಗೆ ಹೇಳಿದರು. ಬಸಿರಿನ ಒಳಗೆ ಮಗುವಿನ ಮೇಲ್ದುಟಿ ಕೂಡಿಕೊಳ್ಳುವುದು ಎರಡನೇ ತಿಂಗಳಲ್ಲೇ. ಬಾಯಿಯ ಅಂಗಳ ಕೂಡುವುದು ಮೂರನೇ ತಿಂಗಳ ಒಳಗೆ. ಸೀಳು ಉಳಿಯುವುದಿದ್ದರೆ ಅಷ್ಟರಲ್ಲೇ ಉಳಿಯುತ್ತದೆ. ಆಮೇಲೆ ಹೊಸದಾಗಿ ಸೀಳುವುದೆಂಬುದಿಲ್ಲ.

ದೊಡ್ಡಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮತ್ತೆ ಕೇಳಿದರು: “ಹಾಗಾದರೆ ಈ ಮಗುವಿಗೆ ತುಟಿ ಆಗಿ ಆಗಿದೆ ಅಂತಲಾ?”

“ಆಗಿ ನಾಲ್ಕೈದು ತಿಂಗಳೇ ಆಯಿತು ಅಮ್ಮ.”

“ಮತ್ತೆ ಇನ್ನು ಸೀಳಲಿಕ್ಕೆ ಎಂತ ಉಂಟು!”

ಅಷ್ಟೆ. ಭಾಷಣ ಇಲ್ಲ, ಜಗಳ ಇಲ್ಲ. ಮಕ್ಕಳು, ಮುದುಕರು, ರೋಗಿಗಳು, ಬಸುರಿಯರಿಗೆ ಇಷ್ಟು ಕಟ್ಟುನಿಟ್ಟು ಇಲ್ಲ ಎಂದು ಪಂಚಾಂಗಗಳಲ್ಲೇ ಬರೆಯುವುದುಂಟು, ಅದನ್ನೂ ಅವರೇ ನೆನಪು ಮಾಡಿಕೊಂಡರು. ತಾವು ಮಾತ್ರ ಉಪವಾಸ ಬಿಡಲಿಲ್ಲ. ನೀರಿನ ಚೆಂಬಿಗೆ ಎರಡು ಎಸಳು ಗರಿಕೆ ಹಾಕಿ ಮೊಮ್ಮಗಳ ಕೈಗೆ ಕೊಟ್ಟು, “ಗರಿಕೆ ಹಾಕಿದ್ದೇನೆ, ಕುಡಿ” ಎಂದರು. ಹುಡುಗಿ ಜಗಲಿಯ ಆರಾಮಕುರ್ಚಿಯಲ್ಲಿ ಕೂತಳು. ನನಗೆ ಆ ರಾತ್ರಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಆ ಗರಿಕೆಯ ನೀರು.

ಸೀಳುತುಟಿಗೆ ಕಾರಣ ಬೇರೆಯೇ. ವಂಶವಾಹಿಯಲ್ಲಿ ಬರುವುದುಂಟು. ಮೊದಲ ತಿಂಗಳುಗಳಲ್ಲಿ ತಾಯಿಗೆ ಫೋಲಿಕ್ ಆಮ್ಲದ ಕೊರತೆ, ಬೀಡಿ ಸಿಗರೇಟಿನ ಹೊಗೆ, ಮೂರ್ಛೆರೋಗದ ಕೆಲವು ಮದ್ದು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ – ಇವೂ ಅಪಾಯ ಹೆಚ್ಚಿಸುತ್ತವೆ. (ಮೂರ್ಛೆರೋಗದ ಮದ್ದನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು, ಅದು ಇನ್ನೂ ಅಪಾಯ.) ಹಾಗೆ ಹುಟ್ಟಿದ ಮಗುವಿಗೂ ಆಪರೇಶನ್ನಿನಲ್ಲಿ ತುಟಿ ಸರಿಪಡಿಸುತ್ತಾರೆ. ಅಂಥ ಮಗುವಿನ ತಾಯಿಯನ್ನು “ಗ್ರಹಣದ ದಿನ ಎಂತ ಮಾಡಿದ್ದೆ?” ಎಂದು ಜನ್ಮವಿಡೀ ಕುಟುಕುವುದು ಮಾತ್ರ ನಿಲ್ಲಬೇಕು.

ಹನ್ನೆರಡೂಕಾಲಕ್ಕೆ ಶುರು

ಅಡಿಕೆಯ ಪಾಟಿ ಲೆಕ್ಕ, ಮಳೆಯ ಲೆಕ್ಕ ಬರೆಯುವ ಡೈರಿಯಲ್ಲೇ ಅಂದಿನ ಹೊತ್ತುಗಳನ್ನೂ ಬರೆದಿಟ್ಟಿದ್ದೇನೆ. ಹನ್ನೊಂದೂವರೆಯ ಮೇಲೆ ಚಂದ್ರ ಸ್ವಲ್ಪ ಮಂಕಾದಂತೆ ಕಂಡಿತು. ಕಂಡಿತೋ, ಕಾಣಬೇಕೆಂದು ಕಂಡಿತೋ! ಆಗ ಹಿಡಿದಿದ್ದದ್ದು ಅರೆನೆರಳು ಮಾತ್ರ. ತೆಳ್ಳಗಿನ ಸೋಗೆ ಚಪ್ಪರದ ಕೆಳಗೆ ಬೀಳುವ ನೆರಳಿನ ಹಾಗೆ, ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ.

12.18ಕ್ಕೆ ನಿಜವಾದ ನೆರಳು. ತೆಂಕು ದಿಕ್ಕಿನ ಆಕಾಶದಲ್ಲಿ ಎತ್ತರಕ್ಕಿದ್ದ ಚಂದ್ರನ ಎಡ ಅಂಚಿಗೆ ಮಸಿ ತಾಗಿದಂತಾಯಿತು. ಹುಡುಗರಿಬ್ಬರೂ ಬೈನಾಕ್ಯುಲರಿಗೆ ಕಿತ್ತಾಡಿದರು. ಹತ್ತು ನಿಮಿಷದಲ್ಲಿ ಬೈನಾಕ್ಯುಲರು ಬೇಡವಾಯಿತು, ಬರಿಗಣ್ಣಿಗೇ ಕಚ್ಚಿದ ಗುರುತು. ಅಡಿಕೆ ಕೊಯ್ಯುವ ಅಣ್ಣ ಅದನ್ನೇ ನೋಡುತ್ತಾ ಹೇಳಿದ: “ಕಚ್ಚಿದ್ದು ಉರುಟಾಗಿ ಉಂಟಲ್ಲ ಮೇಷ್ಟ್ರೇ, ಕತ್ತಿಯಲ್ಲಿ ಕಡಿದ ಹಾಗೆ ನೇರ ಇಲ್ಲ.”

ಮೇಷ್ಟ್ರಿಗೆ ಖುಷಿಯೋ ಖುಷಿ. ಯಾಕೆಂದರೆ ಎರಡು ಸಾವಿರದ ಮುನ್ನೂರು ವರ್ಷದ ಹಿಂದೆ ಗ್ರೀಸಿನ ಅರಿಸ್ಟಾಟಲ್ ಹಿಡಿದದ್ದೂ ಇದೇ ಎಳೆ. ಬಿದ್ದ ನೆರಳಿನ ಅಂಚು ಯಾವಾಗ ನೋಡಿದರೂ ಉರುಟು, ಹಾಗಾದರೆ ನೆರಳು ಬೀಳಿಸಿದ ಭೂಮಿಯೂ ಉರುಟು. ನಮ್ಮವನೇ ಆದ ಆರ್ಯಭಟ ಕ್ರಿ.ಶ. 499ರ ತನ್ನ ಗ್ರಂಥದಲ್ಲಿ ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳು ಎಂದು ನೇರವಾಗಿ ಬರೆದಿದ್ದಾನೆ. ರಾಹು ಕೇತು ಎಂದು ಲೆಕ್ಕದಲ್ಲಿ ಬರುವುದು ಚಂದ್ರನ ದಾರಿಯೂ ಸೂರ್ಯನ ದಾರಿಯೂ ಅಡ್ಡ ಹಾಯುವ ಎರಡು ಜಾಗಗಳ ಹೆಸರು. ಪಂಚಾಂಗ ಗುಣಿಸುವವರು ನುಂಗುವ ಹಾವನ್ನು ಗುಣಿಸುವುದಿಲ್ಲ, ನೆರಳನ್ನೇ ಗುಣಿಸುತ್ತಾರೆ.

ತೆಂಗಿನಕಾಯಿ ಮತ್ತು ಅಡಿಕೆ

ನೆರಳು ಅರ್ಧ ಏರುವಷ್ಟರಲ್ಲಿ ಭಾವನಿಗೆ ಸಂಶಯ. “ತಿಂಗಳಿಗೊಂದು ಹುಣ್ಣಿಮೆ ಬರ್ತದೆ. ತಿಂಗಳಿಗೊಂದು ಗ್ರಹಣ ಯಾಕೆ ಬರುವುದಿಲ್ಲ ಮಾರಾಯ್ರೆ?”

ಇದಕ್ಕೆ ಅಂಗಳದಲ್ಲೇ ಉತ್ತರ ಮಾಡಿದೆವು. ಮಕ್ಕಳಿರುವ ಮನೆಯಲ್ಲಿ ನೀವೂ ಮಾಡಿ ನೋಡಬಹುದು. ಖರ್ಚು ಏನೂ ಇಲ್ಲ, ಸಾಮಾನು ಆಮೇಲೆ ಅಡಿಗೆಗೂ ತಾಂಬೂಲಕ್ಕೂ ಆಗುತ್ತದೆ.

ನಾಲ್ಕೂವರೆ ಇಂಚು ಅಗಲದ ಸುಲಿದ ತೆಂಗಿನಕಾಯಿ ಭೂಮಿ. ಒಂದೂಕಾಲು ಇಂಚಿನ ದೊಡ್ಡ ಸುಲಿದ ಅಡಿಕೆ ಚಂದ್ರ. ಗಾತ್ರದ ಪ್ರಮಾಣ ಹೆಚ್ಚುಕಡಿಮೆ ಸರಿ. ಇನ್ನು ದೂರ. ಅಡಿಕೆಯನ್ನು ಎಲ್ಲಿಡಬೇಕು ಎಂದು ಕೇಳಿದರೆ ಎಲ್ಲರೂ ಒಂದು ಮೊಳ, ಎರಡು ಮೊಳ ಎಂದರು. ಇಡಬೇಕಾದ್ದು ಹನ್ನೊಂದು ಅಡಿ ದೂರದಲ್ಲಿ! ಚಂದ್ರ ಭೂಮಿಯಿಂದ ಸರಾಸರಿ 3,84,000 ಕಿ.ಮೀ., ಅಂದರೆ ಭೂಮಿಯ ಅಗಲದ ಮೂವತ್ತು ಪಟ್ಟು. ಸೂರ್ಯನನ್ನೂ ಇದೇ ಪ್ರಮಾಣದಲ್ಲಿ ಇಡಬೇಕೆಂದರೆ ನಲುವತ್ತು ಅಡಿ ಅಗಲದ ಉಂಡೆ ಬೇಕು, ಅದನ್ನು ಒಂದೂಕಾಲು ಕಿಲೋಮೀಟರಿಗೂ ಆಚೆ, ಹೊಳೆ ದಾಟಿ ಗುಡ್ಡೆಯ ಮೇಲೆ ಕೂರಿಸಬೇಕು.

ಸೂರ್ಯ ಅಷ್ಟು ದೊಡ್ಡವನಾದ್ದರಿಂದ ತೆಂಗಿನಕಾಯಿಯ ನೆರಳು ಹಿಂದಕ್ಕೆ ಹೋದಂತೆ ಸಣ್ಣದಾಗುತ್ತಾ ನಲುವತ್ತು ಅಡಿಗೆ ಮೊನೆಯಾಗಿ ಮುಗಿಯುತ್ತದೆ. ಹನ್ನೊಂದು ಅಡಿಯಲ್ಲಿ ಅದರ ಅಗಲ ಮೂರೂಕಾಲು ಇಂಚು. ಅಡಿಕೆ ಹಾಯಬೇಕಾದ್ದು ಆ ಮೂರೂಕಾಲು ಇಂಚಿನ ಒಳಗೆ. ಆದರೆ ಚಂದ್ರನ ದಾರಿ ಐದು ಡಿಗ್ರಿ ಓರೆ. ಹನ್ನೊಂದು ಅಡಿ ದೂರದಲ್ಲಿ ಐದು ಡಿಗ್ರಿ ಎಂದರೆ ಮೇಲೆ ಒಂದಡಿ, ಕೆಳಗೆ ಒಂದಡಿ ಏರಿಳಿತ. ಹೆಚ್ಚಿನ ಹುಣ್ಣಿಮೆಗಳಲ್ಲಿ ಅಡಿಕೆ ನೆರಳಿನ ಮೇಲಿಂದಲೋ ಕೆಳಗಿಂದಲೋ ತಪ್ಪಿಸಿಕೊಂಡು ಹೋಗುತ್ತದೆ. ಎರಡೂ ದಾರಿ ಅಡ್ಡ ಹಾಯುವಲ್ಲಿ ಹುಣ್ಣಿಮೆ ಬಿದ್ದರೆ ಮಾತ್ರ ಸಿಕ್ಕಿ ಬೀಳುತ್ತದೆ.

ಭಾವ ಅಡಿಕೆಯನ್ನು ಕೈಯಲ್ಲಿ ಹಿಡಿದು ಹನ್ನೊಂದು ಅಡಿ ದೂರದಲ್ಲಿ ಮೇಲೆ ಕೆಳಗೆ ಆಡಿಸಿ ನೋಡಿದ. “ಸಿಕ್ಕಿ ಬೀಳುವುದೇ ಆಶ್ಚರ್ಯ” ಎಂದ.

ನೆರಳುಗಳು ಮಾಯ

1.22. ಪೂರ್ತಿ ಮುಳುಗಿತು. ಅಂಚು ತಾಗಿದಲ್ಲಿಂದ 64 ನಿಮಿಷ. ಚಂದ್ರ ತನ್ನ ಅಗಲದಷ್ಟು ದೂರ ಜರುಗಲು ಸುಮಾರು ಒಂದು ಗಂಟೆ ಬೇಕು, ಅದಕ್ಕೇ ಇಷ್ಟು ಹೊತ್ತು.

ಕಪ್ಪಾಗಿ ಕಾಣದೇ ಹೋಗುತ್ತದೆ ಎಂದು ಹುಡುಗರು ಕಾಯುತ್ತಿದ್ದರು. ಹಾಗಾಗಲಿಲ್ಲ. ಒಲೆಯ ಕೆಂಡಕ್ಕೆ ಬೂದಿ ಮುಸುಕಿದ ಹಾಗೆ ಒಂದು ಕೆಂಪು. ಕೆಳ ಅಂಚಿನಲ್ಲಿ ಸ್ವಲ್ಪ ತಿಳಿ, ಮೇಲ್ಭಾಗ ಕಂದು. ಚಂದ್ರ ಅಂದು ನೆರಳಿನ ನಟ್ಟನಡುವೆ ಹಾಯದೆ ತೆಂಕು ಬದಿಗೆ ಸರಿದು ಹಾದದ್ದರಿಂದ ಹಾಗೆ. ಕೆಂಪಿಗೆ ಕಾರಣ ನಮ್ಮದೇ ಗಾಳಿ. ಭೂಮಿಯ ಅಂಚಿನ ಗಾಳಿಯ ಪದರದಲ್ಲಿ ಹಾಯುವ ಬೆಳಕು ಬಾಗಿ ನೆರಳಿನ ಒಳಕ್ಕೆ ಬೀಳುತ್ತದೆ. ದಾರಿಯಲ್ಲಿ ನೀಲಿ ಚದರಿ ಹೋಗಿ ಕೆಂಪು ಉಳಿಯುತ್ತದೆ. ಸಂಜೆಯ ಸೂರ್ಯ ಕೆಂಪಾಗುವುದೂ ಹೀಗೆಯೇ. ಆ ಹೊತ್ತಿಗೆ ಭೂಮಿಯ ಸುತ್ತ ಎಲ್ಲೆಲ್ಲಿ ಸೂರ್ಯ ಮೂಡುತ್ತಿದ್ದಾನೋ, ಮುಳುಗುತ್ತಿದ್ದಾನೋ, ಆ ಎಲ್ಲ ಊರುಗಳ ಕೆಂಪು ಸೇರಿ ಚಂದ್ರನ ಮೇಲೆ ಬಿದ್ದಿರುತ್ತದೆ.

ಆಮೇಲೆ ಯಾರೋ ನೆಲ ನೋಡಿದರು. ಅಷ್ಟು ಹೊತ್ತು ಅಂಗಳದ ಅಡಿಕೆಯ ಮೇಲೆ ತೋಟದ ಮರಗಳ ಉದ್ದುದ್ದ ನೆರಳು ಗೀಟು ಹಾಕಿದಂತೆ ಬಿದ್ದಿತ್ತು. ಈಗ ಒಂದೂ ಇಲ್ಲ. ಹುಣ್ಣಿಮೆಯ ದಿನ ಅಮಾವಾಸ್ಯೆಯ ಕತ್ತಲೆ. ತೋಟದಂಚಿನಲ್ಲಿ ಮಿಂಚುಹುಳಗಳು ಅಲ್ಲಿಯವರೆಗೆ ಎಲ್ಲಿದ್ದವೋ, ಈಗ ಸಾಲುಸಾಲಾಗಿ ಕಂಡವು. ತೆಂಕಿನಲ್ಲಿ ಚಂದ್ರನಿಂದ ಆಚೆಗೆ ವೃಶ್ಚಿಕದ ಕೊಂಡಿ, ಅದರ ಎದೆಯಲ್ಲಿ ಕೆಂಪಗೆ ಜ್ಯೇಷ್ಠಾ ನಕ್ಷತ್ರ. ಅಲ್ಲಿಂದ ಮೇಲಕ್ಕೆ ಆಕಾಶಗಂಗೆ, ಸುಣ್ಣದ ನೀರು ಚೆಲ್ಲಿದ ಹಾಗೆ. ಹುಣ್ಣಿಮೆಯಂದು ಆಕಾಶಗಂಗೆ ಕಾಣುವುದು ಪೂರ್ಣ ಗ್ರಹಣದ ದಿನ ಮಾತ್ರ. ಗ್ರಹಣ ನೋಡಲು ಬಂದವರು ಚಂದ್ರನನ್ನು ಬಿಟ್ಟು ಉಳಿದ ಆಕಾಶವನ್ನೇ ನೋಡುತ್ತಾ ಮಲಗಿದೆವು.

ಒಂದೂಮುಕ್ಕಾಲರ ಹೊತ್ತಿಗೆ ದೊಡ್ಡಮ್ಮ ಜಪ ಮುಗಿಸಿ ಮೆಲ್ಲಗೆ ಜಗಲಿಗೆ ಬಂದರು. ಎಪ್ಪತ್ತು ವರ್ಷದಲ್ಲಿ ಎಷ್ಟೋ ಗ್ರಹಣಕ್ಕೆ ಮಿಂದಿದ್ದಾರೆ, ಒಂದನ್ನೂ ನೋಡಿದವರಲ್ಲ. ಮೊಮ್ಮಗಳ ಭುಜ ಹಿಡಿದು ಮೆಟ್ಟಲಿಳಿದು ಮೇಲೆ ನೋಡಿದರು. ಬಹಳ ಹೊತ್ತು ನೋಡಿದರು. ಎಂತ ಹೇಳುತ್ತಾರೋ ಎಂದು ನಾವು ಕಾದರೆ, “ಪಾಪ, ಹಣ್ಣಡಿಕೆಯ ಹಾಗೆ ಕಾಣ್ತದೆ” ಎಂದರು. ಅದಕ್ಕಿಂತ ಸರಿಯಾದ ಹೋಲಿಕೆ ನನಗೆ ಇಂದಿಗೂ ಸಿಕ್ಕಿಲ್ಲ.

ನಡುವೆ ಎರಡು ಸಲ ಎದ್ದು ಲೈನು ಬದಲಿಸಿ ಬಂದೆವು. “ಗ್ರಹಣದ ನೀರು ಗಿಡಕ್ಕೆ ಆಗ್ತದಾ?” ಎಂದು ಹುಡುಗನೊಬ್ಬ ಕೇಳಿದ್ದಕ್ಕೆ ಅವನ ಅಪ್ಪನೇ ಹೇಳಿದ: “ಗಿಡಕ್ಕೆ ಬಾಯಾರಿಕೆ ಉಂಟು, ಪಂಚಾಂಗ ಇಲ್ಲ.”

ಪಡುವಣದ ಮೋಡ

2.38ಕ್ಕೆ ಎಡ ಅಂಚಿನಲ್ಲಿ ಬೆಳ್ಳಿಯ ಗೆರೆ. ಪೂರ್ತಿ ಮುಳುಗಿದ್ದದ್ದು 76 ನಿಮಿಷ. ಬಿಡುವುದನ್ನು ಕೊನೆವರೆಗೆ ನೋಡಲಾಗಲಿಲ್ಲ. ಮೂರು ಗಂಟೆಯ ಮೇಲೆ ಪಡುವಣದಿಂದ ಮೋಡ ಏರತೊಡಗಿತು, ಚಂದ್ರ ಹೊಕ್ಕು ಹೊರಡುವುದೇ ಆಯಿತು. ಗಾಳಿಯಲ್ಲಿ ಮಳೆಯ ವಾಸನೆ. ಅಂಗಳದಲ್ಲಿ ಇನ್ನೊಂದು ವಾರದ ಬಿಸಿಲು ಬೇಕಾಗಿದ್ದ ಚಾಲಿ. ಒಮ್ಮೆ ಒದ್ದೆಯಾದರೆ ಬೂಷ್ಟು ಬಂದು ಕಪ್ಪಾಗುತ್ತದೆ, ದರದಲ್ಲಿ ಎಷ್ಟು ಕಡಿಯುತ್ತಾರೆಂದು ನಿಮಗೆ ಹೇಳಬೇಕಿಲ್ಲ. ಬೇರೆ ದಿನವಾದರೆ ಆ ಹೊತ್ತಿಗೆ ಭಾವನೂ ಅಕ್ಕನೂ ಇಬ್ಬರೇ ಎದ್ದು ಒದ್ದಾಡಬೇಕಿತ್ತು. ಅಂದು ಆರು ಜನ ಎಚ್ಚರವಾಗಿಯೇ ಇದ್ದೆವು. ಮುಕ್ಕಾಲು ಗಂಟೆಯಲ್ಲಿ ಗೋರಿ, ರಾಶಿ ಮಾಡಿ, ಟಾರ್ಪಾಲು ಹೊದೆಸಿ, ಅಂಚಿಗೆ ಕಲ್ಲು ಹೇರಿ ಮುಗಿಯಿತು. ಆ ವಾರವೇ ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಎದ್ದದ್ದು ಹಲವರಿಗೆ ನೆನಪಿರಬಹುದು. ಭಾವನ ಅಡಿಕೆ ನೆನೆಯಲಿಲ್ಲ.

ಜುಲೈಯಲ್ಲಿ ಹೆರಿಗೆ ಆಯಿತು. ಹೆಣ್ಣು ಮಗು, ಚೆನ್ನಾಗಿಯೇ ಇತ್ತು. ಒಂದು ಮಗುವಿನಿಂದ ಏನೂ ಸಾಬೀತಾಗುವುದಿಲ್ಲ ಎಂದು ಮೇಷ್ಟ್ರೇ ಹೇಳುತ್ತಿದ್ದರು, ಅದು ಸರಿಯೇ. ಅಂದು ಸಾಬೀತಾದದ್ದು ಬಾಯಾರಿದವಳಿಗೆ ನೀರು ಸಿಕ್ಕಿತು ಎಂಬುದಷ್ಟೇ.

ಗ್ರಹಣಕ್ಕೂ ವಾಯಿದೆ ಉಂಟು

ಗ್ರಹಣಗಳಿಗೆ ಮರಳಿ ಬರುವ ಒಂದು ವಾಯಿದೆ ಇದೆ. 18 ವರ್ಷ, 10 ಅಥವಾ 11 ದಿನ, ಮೇಲೆ 8 ಗಂಟೆ. ಅಷ್ಟು ಕಳೆದರೆ ಸೂರ್ಯ, ಭೂಮಿ, ಚಂದ್ರ ಹೆಚ್ಚುಕಡಿಮೆ ಅದೇ ಸ್ಥಾನಕ್ಕೆ ಬರುತ್ತವೆ. ನಮ್ಮ ಈ ಗ್ರಹಣದ ಹಿಂದಿನದ್ದು 1986ರ ಏಪ್ರಿಲ್ 24, ಹ್ಯಾಲಿ ಧೂಮಕೇತು ಬಂದ ವರ್ಷ. ಅಂದು ನಮ್ಮಲ್ಲಿ ಚಂದ್ರ ಮೂಡುವಾಗಲೇ ಹಿಡಿದಿತ್ತು, ಗ್ರಸ್ತೋದಯ. ಮುಂದಿನದ್ದು 2022ರ ಮೇ 16, ನಮ್ಮಲ್ಲಿ ಬೆಳಗ್ಗೆ ಒಂಬತ್ತೂವರೆ ದಾಟಿದ ಹೊತ್ತು, ಹಾಗಾಗಿ ಅಮೆರಿಕದವರ ಪಾಲಾಯಿತು. ಆ ಹೆಚ್ಚುವರಿ ಎಂಟು ಗಂಟೆಯಲ್ಲಿ ಭೂಮಿ ಮೂರನೇ ಒಂದು ಸುತ್ತು ತಿರುಗಿಬಿಡುವುದರಿಂದ ಈ ಆಟ.

ಇನ್ನು ನಾವು ಕಾಯಬಹುದಾದ್ದು 2028. ಆ ವರ್ಷ ಜುಲೈ 6ರ ರಾತ್ರಿ ಒಂದು ಪಾರ್ಶ್ವ ಗ್ರಹಣ ಇದೆ, ಅದು ಎಂದಿನಂತೆ ಮಳೆಗಾಲದ ಪಾಲು. ಡಿಸೆಂಬರ್ 31ರದ್ದು ಪೂರ್ಣ. ರಾತ್ರಿ ಎಂಟೂವರೆ ದಾಟಿದ ಮೇಲೆ ಹಿಡಿಯಲು ಶುರು, ಒಂಬತ್ತೂಮುಕ್ಕಾಲರಿಂದ ಹನ್ನೊಂದರ ತನಕ ಪೂರ್ತಿ ಕೆಂಪು, ಬಿಡುವಾಗ ಹೊಸ ವರ್ಷ. ಮೂಡಣದಲ್ಲಿ ಎತ್ತರಕ್ಕೆ ಇರುತ್ತದೆ, ಬೇಗ ಮಲಗುವ ಮಕ್ಕಳಿಗೂ ನೋಡಬಹುದು. ಡಿಸೆಂಬರಿನಲ್ಲಿ ಅಂಗಳ ಕೆತ್ತಿ ಮೊದಲ ಕೊಯ್ಲು ಹರಡಿ ಆಗಿರುತ್ತದೆ. ಚಾಪೆಗೆ ಸ್ವಲ್ಪ ಜಾಗ ಬಿಟ್ಟು ಹರಡಿ. ಇಬ್ಬನಿ ಬೀಳುವ ಕಾಲ, ಕಂಬಳಿ ಮರೆಯಬೇಡಿ.